ಹೊಸ್ತಿಲ ಕೂಟ

ಒಂದು ಊರು. ಎಲ್ಲಿದೆ ಅಂತ ಕೇಳಬೇಡಿ. ಹೇಳಿದರೆ ಹೋಗಿ ನೋಡಬೇಕು ಅಂತ ಮನಸ್ಸು ಅನ್ನುತ್ತದೆ, ಬೇಡ ಅಂತ ಮೊಣಕಾಲು ಅನ್ನುತ್ತದೆ. ಆ ಊರಿನಲ್ಲಿ ಹೊಸ್ತಿಲು ಬೆಳೆಯುತ್ತಿತ್ತು.

ಎಲ್ಲರ ಮನೆಯದಲ್ಲ. ಅರವತ್ತು ತುಂಬಿದವರಿಗೆ ಬೀದಿಗೆ ಮಾತ್ರ ಬಾಗಿಲಿರುವ ಒಂದು ಕೋಣೆ ಕೊಡುತ್ತಿದ್ದರು. ಬೆಳೆಯುತ್ತಿದ್ದದ್ದು ಆ ಬಾಗಿಲಿನ ಹೊಸ್ತಿಲು. ಯುಗಾದಿಗೆ ಯುಗಾದಿಗೆ ನಾಲ್ಕು ಬೆರಳು. ಕಲ್ಲಿನದಾದರೂ ನಾಲ್ಕು ಬೆರಳು, ಮರದ್ದಾದರೂ ನಾಲ್ಕು ಬೆರಳು. ಬಳ್ಳಿಯಲ್ಲಿ ಕುಂಬಳಕಾಯಿ ಬೆಳೆಯುವ ಹಾಗೆ, ಸದ್ದಿಲ್ಲ, ಸುದ್ದಿಯಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಬೆಳೆದಿರುತ್ತಿತ್ತು. ಮನೆಯ ಸೊಸೆ ಬಂದು ನೀರು ಹಾಕಿ, ಅರಿಶಿನ ಹಚ್ಚಿ, ಬೆರಳು ಜೋಡಿಸಿ ಅಳೆದು, "ಹೊಸ್ತಿಲು ಎತ್ತರ, ಮನೆತನ ಎತ್ತರ" ಅನ್ನುತ್ತಿದ್ದಳು. ಒಳಗಿದ್ದವರು "ಬೆಳೆಯಲಿ" ಅನ್ನಬೇಕು. ಅನ್ನುತ್ತಿದ್ದರು. ಬೇರೆ ಏನು ಅನ್ನುವುದು, ಬೇವು-ಬೆಲ್ಲದ ಬಟ್ಟಲು ಅವಳ ಕೈಯಲ್ಲೇ ಇರುತ್ತಿತ್ತು.

ಮೊದಲ ವರ್ಷ ಎಡವುತ್ತಿದ್ದರು. ಐದನೆಯ ವರ್ಷ ಕಾಲು ಎತ್ತಿ ದಾಟುತ್ತಿದ್ದರು. ಎಂಟನೆಯ ವರ್ಷ ಹೊಸ್ತಿಲ ಮೇಲೆ ಕೂತು, ಒಂದು ಕಾಲು ಆಚೆ ಹಾಕಿ, ದೇವರ ಹೆಸರು ಹೇಳಿ, ಇನ್ನೊಂದು ಕಾಲು ಆಚೆ ಹಾಕುತ್ತಿದ್ದರು. ಹತ್ತು-ಹನ್ನೆರಡು ವರ್ಷಕ್ಕೆ ಒಳಗೇ ಉಳಿಯುತ್ತಿದ್ದರು. ಆಮೇಲೆ ಬುಟ್ಟಿಯಲ್ಲಿ ಊಟ ಇಳಿಯುತ್ತಿತ್ತು, ಖಾಲಿ ಬುಟ್ಟಿ ಏರುತ್ತಿತ್ತು. ಹೊಸ್ತಿಲು ಹೋಗಿ ಬಾಗಿಲ ಮೇಲ್ಪಟ್ಟಿಗೆ ತಾಗಿದ ದಿನ ಸುಣ್ಣದವನು ಬಂದು ಸುಣ್ಣ ಬಳಿದು, ಕೆಳಗೆ ಕೆಂಪು ಪಟ್ಟಿ ಎಳೆಯುತ್ತಿದ್ದ. "ಅವರು ಗೋಡೆಯಾದರು" ಅಂತ ಊರು ಕೈ ಮುಗಿಯುತ್ತಿತ್ತು. ಒಳಗಿನಿಂದ ಕೆಮ್ಮು ಕೇಳಿದರೆ "ಗೋಡೆ ಹರಸಿತು" ಅನ್ನುತ್ತಿದ್ದರು.

ಆ ಊರಿನಲ್ಲಿ ಒಬ್ಬ ಕೌದಿಯವ್ವ ಇದ್ದಳು. ಹಳೆಯ ಸೀರೆ ಹರಿದು, ತುಂಡು ತುಂಡು ಜೋಡಿಸಿ, ಊರಿಗೆಲ್ಲ ಕೌದಿ ಹೊಲಿದು ಹೊದಿಸಿದವಳು. ವಯಸ್ಸು ಅರವತ್ತೆಂಟು. ಗಿಡ್ಡ ಆಳು, ಉದ್ದ ನಾಲಿಗೆ. ಹೊಸ್ತಿಲು ಮೊಣಕಾಲು ದಾಟಿದ ವರ್ಷ ಅವಳಿಗೆ ಒಂದು ಯೋಚನೆ ಬಂತು: ತುಂಡು ಬಟ್ಟೆ ಜೋಡಿಸಿದರೆ ಕೌದಿಯಾಗುತ್ತದೆ, ತುಂಡು ಮುದುಕರನ್ನು ಜೋಡಿಸಿದರೆ ಏನಾದರೂ ಆಗದೇ ಇರುತ್ತದೆಯೇ? ಬಟ್ಟೆ ಬಾಯಿ ಬಿಡುವುದಿಲ್ಲ, ಮುದುಕರು ಬಿಡುತ್ತಾರೆ ಅನ್ನುವುದು ಆಗ ಅವಳಿಗೆ ಹೊಳೆಯಲಿಲ್ಲ.

ಅವಳ ಆತುರಕ್ಕೆ ಕಾರಣ ಅವಳ ಅಕ್ಕ. ಅಕ್ಕನಿಗೆ ಎಂಬತ್ತರ ಹತ್ತಿರ. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಹೊಸ್ತಿಲು ಎದೆ ದಾಟಿ, ಗಲ್ಲ ದಾಟಿ, ಮೂಗಿನ ಹತ್ತಿರ ಬಂದಿತ್ತು. ಮೇಲ್ಪಟ್ಟಿಗೂ ಹೊಸ್ತಿಲಿಗೂ ನಡುವೆ ಉಳಿದದ್ದು ಒಂದು ಮೊಳದ ಗಂಡಿ. ಇನ್ನು ಮೂರ್ನಾಲ್ಕು ಯುಗಾದಿ ಕಳೆದರೆ ತಲೆ ತೂರೀತು, ಅಕ್ಕನ ಸೊಂಟ ತೂರಲಾರದು. ಆಮೇಲೆ ಅವಳು ಹೊರಗೆ ಬರುವ ಮಾತೇ ಇಲ್ಲ. ಸುಣ್ಣಕ್ಕೆ ಕಾಯುವುದು ಅಷ್ಟೇ.

ಹಾಗಾಗಿ ಕೌದಿಯವ್ವ ಬೀದಿ ಬೀದಿ ತಿರುಗಿ ಹೊಸ್ತಿಲ ಕೂಟ ಕಟ್ಟಿದಳು. ಒಂಬತ್ತು ಜನ. ಚಾವಡಿಯ ಗಂಟೆ ಬಾರಿಸುತ್ತಿದ್ದ ಗಂಟೆಯಜ್ಜ. ಶಾಲೆ ಬಿಟ್ಟರೂ ಬೆತ್ತ ಬಿಡದ ಮೇಷ್ಟ್ರು. ಗಾಣದ ಮನೆಯ ಎಣ್ಣೆಯವ್ವ. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವ ಬರೆಯುವಜ್ಜ. ಮತ್ತೆ ಯಾರು ಏನು ಹೇಳಿದರೂ ತಲೆಯಾಡಿಸುವ ನಾಲ್ವರು. ಅವರಿಲ್ಲದೆ ಯಾವ ಕೂಟ ನಿಂತೀತು? ಅಧ್ಯಕ್ಷಿಣಿ ಕೌದಿಯವ್ವ. ಬೇಡ ಬೇಡ ಅಂತ ಮೂರು ಸಲ ಅಂದು, ನಾಲ್ಕನೆಯ ಸಲ ಯಾರೂ ಕೇಳದೇ ಹೋದಾರು ಅಂತ ಹೆದರಿ ಒಪ್ಪಿಕೊಂಡಳು.

ಕೂಟಕ್ಕೆ ಒಂದು ನಿಯಮವಿತ್ತು: ಬಂದವರದ್ದೇ ಮಾತು. ಒಳ್ಳೆಯ ನಿಯಮ, ಬಾರದವರ ಹರಟೆ ಯಾರಿಗೆ ಬೇಕು? ಆದರೆ ನೋಡಿ, ಸಭೆಗೆ ಬರಬೇಕಾದರೆ ಹೊಸ್ತಿಲು ದಾಟಬೇಕು. ದಾಟಬಲ್ಲವರು ಬರುತ್ತಿದ್ದರು. ದಾಟಲಾರದವರ ಕಷ್ಟವನ್ನು ದಾಟಬಲ್ಲವರು ಕೂತು, ಅವಲಕ್ಕಿ ತಿನ್ನುತ್ತ, ಕಣ್ಣೀರು ತಂದುಕೊಂಡು ಮಾತಾಡುತ್ತಿದ್ದರು. ಅವಲಕ್ಕಿಗೆ ಒಗ್ಗರಣೆ ಚೆನ್ನಾಗಿ ಬಿದ್ದ ದಿನ ಕಣ್ಣೀರೂ ಚೆನ್ನಾಗಿ ಬರುತ್ತಿತ್ತು.

ಊರ ಚಾವಡಿ ವರ್ಷಕ್ಕೊಮ್ಮೆ ಒಂದೇ ಒಂದು ಮಾತು ಕೇಳುತ್ತಿತ್ತು, ಅದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು. ಆ ಒಂದು ಮಾತು ಯಾವುದು ಅಂತ ಕೂಟ ಮೂರು ವರ್ಷ ಕೂತಿತು. ಹೊಸ್ತಿಲು ಇಳಿಸಿರಿ ಅನ್ನೋಣ ಅಂತ ಗಂಟೆಯಜ್ಜ. ಇಳಿಸುವುದು ಅವಮಾನ, ಮೇಲ್ಪಟ್ಟಿ ಎತ್ತಿಸೋಣ ಅಂತ ಮೇಷ್ಟ್ರು. ಇಳಿಸುವುದೂ ಬೇಡ ಎತ್ತುವುದೂ ಬೇಡ, ಹೊಸ್ತಿಲು ಅನ್ನುವ ಒರಟು ಹೆಸರು ತೆಗೆದು ಗೌರವಪೀಠ ಅಂತ ಕರೆಯಲಿ, ಅರ್ಧ ನೋವು ಹೋಗುತ್ತದೆ ಅಂತ ಎಣ್ಣೆಯವ್ವ. ನಾಲ್ವರು ಮೂವರಿಗೂ ತಲೆಯಾಡಿಸಿದರು. ಮೊದಲ ವರ್ಷ ಮಾತು ಮುಗಿಯಲಿಲ್ಲ, ನಾಲ್ಕು ಬೆರಳು. ಎರಡನೆಯ ವರ್ಷ ಮುಗಿಯಿತು ಅನ್ನುವಷ್ಟರಲ್ಲಿ ಮೇಷ್ಟ್ರು ಒಂದು ತಪ್ಪು ಹಿಡಿದರು, ನಾಲ್ಕು ಬೆರಳು. ಮೂರನೆಯ ವರ್ಷ ಕೌದಿಯವ್ವನಿಗೆ ಕೋಪ ಬಂತು. ಮೂರೂ ಬೇಡ, ಒಂದು ಮೆಟ್ಟಿಲು ಕೇಳೋಣ, ಪ್ರತಿ ಬಾಗಿಲಿಗೂ ಕಲ್ಲಿನ ಮೆಟ್ಟಿಲು ಅಂದಳು. ಯಾರಿಗೂ ಪೂರ್ತಿ ಇಷ್ಟವಾಗಲಿಲ್ಲ. ಯಾರಿಗೂ ಪೂರ್ತಿ ಇಷ್ಟವಾಗದ ಮಾತು ಕೂಟಗಳಲ್ಲಿ ಬೇಗ ಒಪ್ಪಿತವಾಗುತ್ತದೆ, ಒಪ್ಪಿತವಾಯಿತು.

ಚಾವಡಿಯ ಯಜಮಾನನಿಗೆ ನಲವತ್ತೈದು ವರ್ಷ. ಹೊಸ್ತಿಲು ಅಂದರೆ ಅವನಿಗೆ ಅರಿಶಿನ ಹಚ್ಚುವ ಕಲ್ಲು, ಅಷ್ಟೇ. ಕೌದಿಯವ್ವ ಒಂದೇ ಉಸಿರಿನಲ್ಲಿ ಹೇಳಿದಳು. ಅವನು ಒಂದೇ ಉಸಿರಿನಲ್ಲಿ ಆಗಲಿ ಅಂದ. ಅಷ್ಟು ಸಲೀಸಾಗಿ ಆಗಲಿ ಅಂದದ್ದು ಕೇಳಿ ಗಂಟೆಯಜ್ಜನಿಗೆ ಬೇಸರವೇ ಆಯಿತು. ಬೈದರೆ ಎದುರು ಬೈಯಲು ಎರಡು ಮಾತು ಕಂಠಪಾಠ ಮಾಡಿಕೊಂಡು ಹೋಗಿದ್ದ.

ಮರುದಿನ ಕಲ್ಲುಕುಟಿಗರು ಬಂದರು. ಕೂಟದ ಒಂಬತ್ತು ಜನ ಸಾಲಾಗಿ ಬೀದಿಯಲ್ಲಿ ನಿಂತರು. ಮೆಟ್ಟಿಲು ಎಲ್ಲಿ ಬರಬೇಕು ಅನ್ನುವುದನ್ನು ಕೌದಿಯವ್ವನೇ ಮುಂದೆ ನಿಂತು, ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದಳು. ಒಂದೊಂದು ಬಾಗಿಲಿಗೂ ಒಂದೊಂದು ಗೆರೆ. ಅಂಚಿಗೆ ಹೂಬಳ್ಳಿ ಕೊರೆಯಿರಿ ಅಂದಳು. ನುಣ್ಣಗೆ ಮಾಡಿರಿ, ಮುದುಕರ ಕಾಲು ಅಂದಳು. ಹನ್ನೊಂದು ತಿಂಗಳು ಕೆಲಸ ನಡೆದು, ಯುಗಾದಿಗೆ ಒಂದು ದಿನ ಉಳಿದಿದೆ ಅನ್ನುವಾಗ ಕೊನೆಯ ಮೆಟ್ಟಿಲು ಕೂತಿತು. ಯಜಮಾನ ಬಂದು ಮೆಟ್ಟಿಲಿಗೆ ಹೂವು ಹಾಕಿ, ಇನ್ನು ಈ ವಿಷಯ ಮುಗಿಯಿತು, ಹನ್ನೆರಡು ವರ್ಷ ಯಾರೂ ಎತ್ತುವ ಹಾಗಿಲ್ಲ ಅಂತ ಸಾರಿದ. ಕೂಟದವರು ಮೆಟ್ಟಿಲ ಮೇಲೆ ಕೂತು ನೋಡಿದರು. ಇನ್ನು ಸಂಜೆ ಕೂತು ಮಾತಾಡಲು ಬಹಳ ಸುಖ ಅನ್ನಿಸಿತು.

ಕೌದಿಯವ್ವ ಅಲ್ಲಿಂದ ಸೀದಾ ಅಕ್ಕನ ಬಾಗಿಲಿಗೆ ಬಂದಳು, ಹೇಳಿಕೊಳ್ಳಬೇಕಲ್ಲ. ದಿನಾ ಬರುತ್ತಿದ್ದಳು, ರೊಟ್ಟಿಯ ಬುಟ್ಟಿ ಇಳಿಬಿಡುತ್ತಿದ್ದಳು, ಬೀದಿಯಿಂದಲೇ ಕೂಗಿ ನಾಲ್ಕು ಮಾತಾಡಿ, ಸಭೆಗೆ ಹೊತ್ತಾಯಿತು ಅಂತ ಓಡುತ್ತಿದ್ದಳು. ಗಿಡ್ಡ ಆಳಿಗೆ ಒಳಗೆ ಏನೂ ಕಾಣುತ್ತಿರಲಿಲ್ಲ. ಇವತ್ತು, ನಿನ್ನೆಯಷ್ಟೇ ಅಲ್ಲಿ ಕೂತ ಹೂಬಳ್ಳಿಯ ಮೆಟ್ಟಿಲು ಹತ್ತಿ ನಿಂತಳು. ಗಂಡಿಯಲ್ಲಿ ಮುಖ ಇಟ್ಟಳು. ಮೂರು ವರ್ಷದ ಮೇಲೆ ಅಕ್ಕನ ಮುಖ ಕಂಡಿತು.

ಅಕ್ಕ ಕೆಳಗೆ, ತಂಗಿ ಹೊಲಿದು ಕೊಟ್ಟ ಕೌದಿಗಳ ರಾಶಿಯ ಮೇಲೆ ಕೂತಿದ್ದಳು. ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು.

"ಯಾರವಾ? ಧ್ವನಿ ತಂಗೀದು, ತಲಿ ಯಾರೋ ಮುದುಕೀದು."

"ನಾನ, ಅಕ್ಕ. ಮೆಟ್ಟಿಲು ಬಂತು. ನಿನ್ನ ಸಲುವಾಗಿ ಮೂರು ವರ್ಷ ಮಾತಾಡಿ ಮಾತಾಡಿ ನನ್ನ ಬಾಯಿ ಒಣಗಿತ್ತು."

"ಎಲ್ಲೈತಿ ಮೆಟ್ಟಿಲು?"

"ಇಲ್ಲೇ, ನನ್ನ ಕಾಲ ಕೆಳಗ. ಹೂಬಳ್ಳಿ ಕೊರಿಸೀನಿ."

ಅಕ್ಕ ಹೊಸ್ತಿಲನ್ನು ಕೆಳಗಿನಿಂದ ಮೇಲಿನವರೆಗೆ ಒಂದು ಸಲ ನೋಡಿದಳು. ಆಮೇಲೆ, ಸಿಟ್ಟಿಲ್ಲದೆ, ಸಣ್ಣವಳಿದ್ದಾಗ ತಲೆ ಬಾಚುತ್ತ ಹೇಳುತ್ತಿದ್ದ ಧಾಟಿಯಲ್ಲಿ ಹೇಳಿದಳು: "ಆ ಮೆಟ್ಟಿಲು ತುಳೀಬೇಕಂದ್ರ ನಾ ಮೊದಲ ಹೊರಗ ಬರಬೇಕಲ್ಲ ತಂಗೀ."

ಕೌದಿಯವ್ವ ಕಾಲ ಕೆಳಗಿನ ಮೆಟ್ಟಿಲು ನೋಡಿದಳು. ತಾನು ನಿಂತದ್ದು ಬೀದಿಯಲ್ಲಿ, ಒಂಬತ್ತೂ ಜನ ನಿಂತದ್ದು ಬೀದಿಯಲ್ಲಿ, ಗೆರೆ ಬಿದ್ದದ್ದು ಬೀದಿಯಲ್ಲಿ. ಊರಿನ ಅಷ್ಟೂ ಮೆಟ್ಟಿಲು ಹೊರಗಿನವರು ಹತ್ತಿ ಒಳಗೆ ಇಣುಕಲಿಕ್ಕೆ ಆಗಿತ್ತು.

"ಮೂರು ವರ್ಷ ನನ್ನ ಸಲುವಾಗಿ ಮಾತಾಡಿದ್ವಿ ಅಂತೀ," ಅಂದಳು ಅಕ್ಕ. "ನನ್ನ ಕೂಡ ಯಾವತ್ತ ಮಾತಾಡಿದ್ರಿ?"

ಹಾಗಲ್ಲ ಅಕ್ಕ, ಅದು ಹೇಗೆ ಅಂದರೆ, ಅಂತ ವಿವರಿಸಲು ಕೌದಿಯವ್ವ ಗಂಡಿಯೊಳಗೆ ತಲೆ ಹಾಕಿದಳು. ವಿವರಿಸುವಾಗ ಕೈ ಬೀಸುವ ಚಾಳಿ, ಎರಡೂ ಕೈ ಹಾಕಿದಳು. ಎದೆ ಹಾಕಿದಳು. ಮಾತು ಮುಗಿಯುವ ಮೊದಲೇ ಅಧ್ಯಕ್ಷಿಣಿ ಹೊಸ್ತಿಲ ಮೇಲಿಂದ ಜಾರಿ, ತಾನೇ ಹೊಲಿದ ಕೌದಿಗಳ ಮೇಲೆ ತಲೆಕೆಳಗಾಗಿ ಬಿದ್ದಳು.

ಅಕ್ಕ ಅವಳನ್ನು ಎತ್ತಿ ಕೂರಿಸಿ, ಸೆರಗು ಸರಿ ಮಾಡಿದಳು. ಇಬ್ಬರೂ ಕೂತರು. ಅಲ್ಲಿಂದ ಕಾಣುವುದು ಎದುರು ಮನೆಯ ಹೆಂಚು, ಒಂದು ತುಂಡು ಆಕಾಶ. ನಮ್ಮ ಬೀದಿ ಕೊನೆಯಲ್ಲಿ ಎಡಕ್ಕೆ ತಿರುಗುತ್ತದೋ ಬಲಕ್ಕೆ ತಿರುಗುತ್ತದೋ ಅನ್ನುವುದು ಮರೆತೇ ಹೋಗಿದೆ ಅಂತ ಅಕ್ಕ ಹೇಳಿದಳು. ಮಲಗಿ ಕಣ್ಣು ಮುಚ್ಚಿ ನಡೆದು ನೋಡುತ್ತಾಳಂತೆ, ಕೊನೆಗೆ ಬಂದು ನಿಂತು ಬಿಡುತ್ತಾಳಂತೆ. ಹೋಗಿ ನೋಡಬೇಕು, ಅಷ್ಟೇ ಅವಳಿಗೆ ಇದ್ದ ಆಸೆ. ಕೌದಿಯವ್ವನಿಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಆ ಆಸೆಯೂ ತೀರಿಹೋಗುತ್ತಿತ್ತು.

ಮಧ್ಯಾಹ್ನದ ಸಭೆಗೆ ಅಧ್ಯಕ್ಷಿಣಿ ಬಾರದ್ದು ನೋಡಿ ಕೂಟ ಹುಡುಕಿಕೊಂಡು ಬಂತು. ಗಂಟೆಯಜ್ಜ ಮೆಟ್ಟಿಲು ಹತ್ತಿ ಇಣುಕಿ, ಹೆಂಗಸರಿಗೆ ಹೊಸ್ತಿಲು ಹತ್ತುವ ವಿದ್ಯೆ ಏನು ಗೊತ್ತು, ತಡೆಯಿರಿ ನಾನು ಎತ್ತುತ್ತೇನೆ ಅಂತ ಒಳಗೆ ಜಾರಿದ. ಒಳಗೆ ಬಿದ್ದ ಮೇಲೆ ಅವನಿಗೆ ಗೊತ್ತಾಯಿತು, ಹೊರಗೆ ಹತ್ತಲು ತನಗೂ ಆಗದು ಅಂತ. ಗಂಟೆಯಜ್ಜನಿಗೆ ಲೆಕ್ಕಾಚಾರ ಗೊತ್ತಿಲ್ಲ, ಇದಕ್ಕೊಂದು ಉಪಾಯವಿದೆ ಅಂತ ಮೇಷ್ಟ್ರು ಬೆತ್ತದ ಸಮೇತ ಜಾರಿದರು. ಗಂಡಸರಿಗೆ ಉಪಾಯ ಹೇಳಲು ಬರುತ್ತದೆ, ಮಾಡಲು ಬರುವುದಿಲ್ಲ ಅಂತ ಎಣ್ಣೆಯವ್ವ ಜಾರಿದಳು. ನಾಲ್ವರು ಮೆಟ್ಟಿಲ ಮೇಲೆ ನಿಂತು ತಲೆಯಾಡಿಸಿದರು, ಆಡಿಸುತ್ತಲೇ ಒಬ್ಬರ ಹಿಂದೆ ಒಬ್ಬರು ಜಾರಿದರು.

ಹೊರಗೆ ಉಳಿದವನು ಬರೆಯುವಜ್ಜ ಒಬ್ಬನೇ. ನೀನು ಬರಬೇಡ, ಯಾರನ್ನಾದರೂ ಕರೆ ಅಂತ ಒಳಗಿನಿಂದ ಎಲ್ಲರೂ ಹೇಳಿದರು. ಅವನು ಪುಸ್ತಕ ತೆರೆದು ನಿಯಮ ಓದಿದ: ಹೆಚ್ಚು ಜನ ಎಲ್ಲಿದ್ದಾರೋ ಅಲ್ಲೇ ಸಭೆ, ಸಭೆ ಎಲ್ಲಿದೆಯೋ ಅಲ್ಲೇ ಬರೆಯುವವನು. ಪುಸ್ತಕವನ್ನು ಎದೆಗೆ ಅವಚಿಕೊಂಡು ಅವನೂ ಜಾರಿದ.

ಹೀಗೆ ಹೊಸ್ತಿಲ ಕೂಟ ತಾನು ಹುಟ್ಟಿದ ಲಾಗಾಯ್ತು ಮೊದಲ ಸಲ ಹೊಸ್ತಿಲ ಒಳಗೆ ಸೇರಿತು.

ಮೊದಲು ಎಲ್ಲರೂ ಒಟ್ಟಿಗೆ ಕೂಗಿದರು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು, ನಾಳೆ ಹಬ್ಬ, ಈ ಕೋಣೆ ಇವತ್ತೇ ಹರಸುತ್ತಿದೆ ಅಂತ ಕೈ ಮುಗಿದು ಹೋದರು. ಕೌದಿಗಳನ್ನು ಒಂದರ ಮೇಲೊಂದು ಒಟ್ಟಿ ಹತ್ತಿ ನೋಡಿದರು. ಕೌದಿ ಮೆತ್ತಗೆ, ಕಾಲಿಟ್ಟಷ್ಟೂ ಕುಸಿಯಿತು. ಕೊನೆಗೆ ಉಳಿದದ್ದು ಒಂದೇ ದಾರಿ. ಕೆಲವರು ಬಗ್ಗಿ ನಿಲ್ಲಬೇಕು, ಒಬ್ಬರು ಬೆನ್ನು ತುಳಿದು ಹತ್ತಬೇಕು. ಹತ್ತುವವರು ಯಾರು ಅಂತ ಕೇಳಿದಾಗ ಎಂಟು ಕೈ ಎದ್ದವು. ಬಗ್ಗುವವರು ಯಾರು ಅಂದಾಗ ಗಂಟೆಯಜ್ಜ ಆಕಾಶ ನೋಡಿದ, ಮೇಷ್ಟ್ರು ಬೆತ್ತ ಒರೆಸಿದರು, ಎಣ್ಣೆಯವ್ವ ತನ್ನ ಸೊಂಟದ ಚರಿತ್ರೆ ಶುರು ಮಾಡಿದಳು. ಬರೆಯುವಜ್ಜ ವಿಷಯವನ್ನು ಮುಂದಿನ ಸಭೆಗೆ ಇಡೋಣವೇ ಅಂದ.

ಗಂಡಿಯಲ್ಲಿ ಬಿಸಿಲು ಇಳಿಯುತ್ತಿತ್ತು. ನಾಳೆ ಬೆಳಿಗ್ಗೆ ಆ ಗಂಡಿ ನಾಲ್ಕು ಬೆರಳು ಕಿರಿದಾಗುತ್ತದೆ. ಕೌದಿಯವ್ವ ಅಕ್ಕನನ್ನು ನೋಡಿದಳು. ಇಷ್ಟೆಲ್ಲ ಮಾತಿನ ನಡುವೆ ಅಕ್ಕ ಒಂದು ಮೂಲೆಗೆ ಸರಿದು, ಬಂದವರಿಗೆ ಜಾಗ ಬಿಟ್ಟು ಕೂತಿದ್ದಳು. ಅವಳ ಕೋಣೆ, ಅವಳ ಹೊಸ್ತಿಲು, ಹತ್ತುವವರು ಯಾರು ಅನ್ನುವ ಪ್ರಶ್ನೆಗೆ ಅವಳ ಕೈ ಎದ್ದಿರಲಿಲ್ಲ. ಯಾರೂ ಅವಳ ಕಡೆ ನೋಡಿ ಕೇಳಿರಲೂ ಇಲ್ಲ.

ಅಧ್ಯಕ್ಷಿಣಿ ಎದ್ದಳು. ಭಾಷಣ ಅಂತ ತಿಳಿದು ಬರೆಯುವಜ್ಜ ಪೆನ್ನು ತೆಗೆದ. ಅವಳು ಹೊಸ್ತಿಲ ಬುಡಕ್ಕೆ ಹೋಗಿ, ಎರಡೂ ಕೈ ನೆಲಕ್ಕೆ ಊರಿ, ಬಗ್ಗಿ ನಿಂತಳು.

"ಅಕ್ಕ, ಹತ್ತತೀ ಏನ?" ಅಂತ ಕೇಳಿದಳು.

ಹತ್ತು ವರ್ಷದಿಂದ ಯಾರೂ ಏನೂ ಕೇಳಿರದವಳಿಗೆ ಉತ್ತರ ಹುಡುಕಲು ಹೊತ್ತು ಬೇಕಾಯಿತು. ಬಗ್ಗಿದ ತಂಗಿ ಕಾದಳು. ಬೆನ್ನು ನಡುಗಿತು, ಕಾದಳು.

"ಹತ್ತತೀನಿ," ಅಂದಳು ಅಕ್ಕ. "ನಿನ್ನ ಒಬ್ಬಾಕಿ ಬೆನ್ನು ಸಾಲೂದಿಲ್ಲ."

ಸಾಲಲಿಲ್ಲ, ನಿಜ. ಗಂಟೆಯಜ್ಜ ಒಂದು ಸಲ ಗಂಟಲು ಸರಿಮಾಡಿಕೊಂಡು ಬಂದು ಪಕ್ಕದಲ್ಲಿ ಬಗ್ಗಿದ. ಅವನು ಕೌದಿಯವ್ವನಿಗಿಂತ ಒಂದು ಗೇಣು ಎತ್ತರ, ಎರಡನೆಯ ಮೆಟ್ಟಿಲಾಯಿತು. ಮೇಷ್ಟ್ರು ಬೆತ್ತವನ್ನು ನೆಲದ ಮೇಲೆ ಇಟ್ಟರು. ಅವರ ಕೈ ಖಾಲಿ ಇರುವುದನ್ನು ಕೂಟ ಕಂಡದ್ದು ಅವತ್ತೇ. ಅವರು ಮೂರನೆಯ ಮೆಟ್ಟಿಲು. ನಾಲ್ವರು ಈ ಕಡೆ ಇಬ್ಬರು ಆ ಕಡೆ ಇಬ್ಬರು ನಿಂತು ಭುಜ ಕೊಟ್ಟರು. ಎಣ್ಣೆಯವ್ವ ಹಿಂದಿನಿಂದ ಅಕ್ಕನ ಸೊಂಟಕ್ಕೆ ಕೈ ಹಚ್ಚಿದಳು. ನಮ್ಮ ವಯಸ್ಸಿನಲ್ಲಿ ಬೆನ್ನು ಹೇಗೂ ಬಗ್ಗಿಯೇ ಇರುತ್ತದೆ, ಒಂದು ದಿನ ಉಪಯೋಗಕ್ಕೆ ಬರಲಿ ಅಂತ ಗಂಟೆಯಜ್ಜ ಹೇಳಿದ, ಎಲ್ಲರಿಗೂ ನಗು ಬಂದು ಮೆಟ್ಟಿಲುಗಳು ಅಲುಗಾಡಿದವು.

ಅಕ್ಕ ಹತ್ತಿದಳು. ತಂಗಿಯ ಬೆನ್ನ ಮೇಲೆ ಕಾಲಿಡುವಾಗ ಪಾದವನ್ನು ಸೀರೆಯ ಅಂಚಿನಿಂದ ಒರೆಸಿಕೊಂಡು ಇಟ್ಟಳು. ಗಂಟೆಯಜ್ಜನ ಬೆನ್ನು ಹತ್ತಿ, ಉಸಿರಾಡಪ್ಪಾ ಅಂದಳು. ಮೇಷ್ಟ್ರ ಬೆನ್ನ ಮೇಲೆ ನಿಂತು, "ಏನ್ರೀ ಮಾಸ್ತರ, ಒಳ್ಳೆ ಗಟ್ಟಿ ಬೆನ್ನು, ಇಷ್ಟು ದಿನ ಎಲ್ಲಿ ಇಟ್ಟಿದ್ರಿ?" ಅಂತ ಕೇಳಿದಳು. ಹೊಸ್ತಿಲ ಮೇಲೆ ಎದೆ ಚಾಚಿದಳು. ಸೊಂಟ ಸಿಕ್ಕಿಕೊಂಡಿತು. ಎಣ್ಣೆಯವ್ವ ತನ್ನ ಜಡೆಗೆ ಹಚ್ಚಿದ ಎಣ್ಣೆಯನ್ನೆಲ್ಲ ಅಂಗೈಯಿಂದ ಹಿಂಡಿ ಹೊಸ್ತಿಲಿಗೆ ಸವರಿದಳು. ಒಂದು ಸಲ ದಬ್ಬಿದರು. ಇನ್ನೊಂದು ಸಲ ದಬ್ಬಿದರು. ಗಂಡಿ ಒಮ್ಮೆ ಪೂರ್ತಿ ಕತ್ತಲಾಯಿತು, ಆಮೇಲೆ ಪೂರ್ತಿ ಬೆಳಕಾಯಿತು. ಅಕ್ಕ ಅಲ್ಲಿರಲಿಲ್ಲ.

ಒಳಗೆ ಎಲ್ಲರೂ ಬಿದ್ದಲ್ಲೇ ಕೂತರು. ಒಮ್ಮೆ ಬಗ್ಗಿದ ಬೆನ್ನು ಇನ್ನೊಮ್ಮೆ ಬಗ್ಗಲು ಒಪ್ಪಲಿಲ್ಲ. ಆಮೇಲೆ, ಹುಟ್ಟುಗುಣ ನೋಡಿ, ಗಂಟೆಯಜ್ಜ ಎದ್ದು ಗಂಡಿಯ ಕಡೆ ಮುಖ ಮಾಡಿ, ನಮ್ಮ ಪರವಾಗಿ ಚಾವಡಿಗೆ ಹೋಗಿ ಹೇಳವ್ವ ಅಂದ. ಏನು ಹೇಳಲಿ ಅಂತ ಹೊರಗಿನಿಂದ ಅಕ್ಕ ಕೇಳಿದಳು. ಹೊಸ್ತಿಲು ಇಳಿಸಿರಿ ಅನ್ನು ಅಂತ ಅವನು. ಮೇಲ್ಪಟ್ಟಿ ಅಂತ ಮೇಷ್ಟ್ರು. ಹೆಸರಿನ ವಿಷಯ ಮರೆಯಬೇಡ ಅಂತ ಎಣ್ಣೆಯವ್ವ. ಅಕ್ಕ ಹೊರಗೆ ಬಿಸಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದಳು.

"ನೀವು ಮಾತು ಮುಗಸ್ರಿ," ಅಂದಳು. "ನಾ ಬೀದಿ ಕೊನೀತನಕ ಹೋಗಿ ಬರ್ತೀನಿ."

ಕೌದಿಯವ್ವ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ಒಂಬತ್ತು ಜನ ಉಸಿರು ಹಿಡಿದು ಕೇಳಿದರು. ಬರಿಗಾಲಿನ ಸಪ್ಪಳ, ನಿಂತು ನಿಂತು, ಗೋಡೆ ಹಿಡಿದು, ಮತ್ತೆ ನಿಂತು, ದೂರ ದೂರ ಹೋಗುತ್ತಿತ್ತು. ಕೇಳಿಸದಷ್ಟು ದೂರ ಹೋಯಿತು. ಬರುತ್ತಾಳೋ ಇಲ್ಲವೋ ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬಾರದಿದ್ದರೆ ಬೈಯಲು ಯಾರಿಗೂ ಬಾಯಿ ಇರಲಿಲ್ಲ.

ಬಿಸಿಲು ಎದುರು ಮನೆಯ ಹೆಂಚಿಗೆ ಏರಿದಾಗ ಸಪ್ಪಳ ಮರಳಿ ಬಂತು, ಜೊತೆಗೆ ಏನೋ ನೆಲಕ್ಕೆ ಎಳೆಯುವ ಸದ್ದು. ಬೀದಿಯ ತಿರುವಿನಲ್ಲಿ ಸುಣ್ಣದವನು ನಾಳೆಯ ಹಬ್ಬಕ್ಕೆ, ಗೋಡೆಯಾದ ಒಂದು ಬಾಗಿಲಿಗೆ ಮತ್ತೆ ಸುಣ್ಣ ಬಳಿಯಲು ನಿಂತಿದ್ದನಂತೆ. ಅಕ್ಕ ಅವನ ಏಣಿ ಕೇಳಿದಳಂತೆ. ಯಾಕೆ ಅಂದನಂತೆ. ಒಳಗೆ ಜನ ಇದ್ದಾರಪ್ಪ ಅಂದಳಂತೆ. ಅವನು ಬಳಿಯುತ್ತಿದ್ದ ಬಾಗಿಲನ್ನೂ ಅಕ್ಕನ ಮುಖವನ್ನೂ ನೋಡಿ, ಏಣಿಯ ಇನ್ನೊಂದು ತುದಿ ತಾನೇ ಹಿಡಿದು ಬಂದಿದ್ದ. ಇಷ್ಟೇ ಕಥೆ. ಮೂರು ವರ್ಷದ ಸಭೆಯಲ್ಲಿ ಏಣಿ ಅನ್ನುವ ಎರಡಕ್ಷರ ಒಂಬತ್ತು ತಲೆಗೂ ಹೊಳೆದಿರಲಿಲ್ಲ.

ಗಂಡಿಯಲ್ಲಿ ಅಕ್ಕನ ಮುಖ ಬಂತು. ಬೆವತಿತ್ತು, ಕೆಂಪಾಗಿತ್ತು, ಹತ್ತು ವರ್ಷ ಚಿಕ್ಕದಾಗಿತ್ತು.

"ಏಣಿ ಇಳಿಬಿಡ್ಲ್ಯಾ?"

"ಹ್ಞೂಂ," ಅಂದಿತು ಕೂಟ. ಮೇಷ್ಟ್ರು ತಿದ್ದಲಿಲ್ಲ, ಎಣ್ಣೆಯವ್ವ ಸೇರಿಸಲಿಲ್ಲ. ಒಂಬತ್ತು ಬಾಯಿ ಒಂದೇ ಮಾತು ಆಡಿದ್ದು ಅದೇ ಮೊದಲು. ಆದರೆ ಆ ಠರಾವು ಪುಸ್ತಕದಲ್ಲಿ ಎಲ್ಲೂ ಸಿಗುವುದಿಲ್ಲ. ಬರೆಯುವಜ್ಜ ಆಗಲೇ ಎರಡೂ ಕೈಯಿಂದ ಏಣಿಯ ಬುಡ ಹಿಡಿದು ನಿಂತಿದ್ದ.